ಒಂದು ಕೋರ್ಟಿನಿಂದ ಇನ್ನೊಂದಕ್ಕೆ: ಕ್ರಿಮಿನಲ್ ಪ್ರಕರಣಗಳ ವರ್ಗಾವಣೆ ಯಾರ ಕೈಯಲ್ಲಿದೆ?

ಉಡುಪಿ: 'ಈ ಕೋರ್ಟಿನಲ್ಲಿ ನನಗೆ ನ್ಯಾಯ ಸಿಗಲಾರದು, ಕೇಸನ್ನು ಬೇರೆ ಕಡೆಗೆ ಕೊಡಿಸಿ' ಎಂಬ ಮಾತು ಯಾವ ನ್ಯಾಯಾಲಯದ ಆವರಣದಲ್ಲೂ ಕೇಳಿಬರುವಂಥದ್ದು. ಹೇಳುವವರು ಫಿರ್ಯಾದುದಾರರೂ ಇರಬಹುದು, ಆರೋಪಿಗಳೂ ಇರಬಹುದು. ಕಕ್ಷಿದಾರರು ಸಿಟ್ಟಿನಿಂದ ಆಡುವ ಈ ಮಾತಿಗೆ ಕಾನೂನಿನಲ್ಲಿ ಒಂದು ಸ್ಥಾನವಿದೆ. ಆದರೆ ಆ ಸ್ಥಾನ ಸಾಮಾನ್ಯವಾಗಿ ಭಾವಿಸುವಷ್ಟು ವಿಶಾಲವಾದುದಲ್ಲ. ಯಾವ ನ್ಯಾಯಾಲಯ, ಯಾವ ಕಾರಣಕ್ಕೆ, ಎಲ್ಲಿಂದ ಎಲ್ಲಿಗೆ ಪ್ರಕರಣವನ್ನು ವರ್ಗಾಯಿಸಬಹುದು ಎಂಬುದನ್ನು 1973ರ ದಂಡ ಪ್ರಕ್ರಿಯಾ ಸಂಹಿತೆಯ 406ರಿಂದ 412ರವರೆಗಿನ ಕಲಮುಗಳು ಹೇಳುತ್ತಿದ್ದವು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವೇ ಉಪಬಂಧಗಳು 446ರಿಂದ 452ರವರೆಗೆ ಇವೆ. ಸಂಖ್ಯೆಗಳು ಬದಲಾಗಿವೆ, ತಿರುಳು ಬಹುಮಟ್ಟಿಗೆ ಹಿಂದಿನದೇ.

ವರ್ಗಾವಣೆಯ ಮಾತಿಗೆ ಮೊದಲು, ಪ್ರಕರಣವೊಂದು ಸಹಜವಾಗಿ ಯಾವ ನ್ಯಾಯಾಲಯಕ್ಕೆ ಸೇರುತ್ತದೆ ಎಂಬುದನ್ನು ತಿಳಿಯಬೇಕು. ಅಪರಾಧ ಎಲ್ಲಿ ನಡೆಯಿತೋ ಅಲ್ಲಿನ ನ್ಯಾಯಾಲಯವೇ ವಿಚಾರಣೆ ನಡೆಸಬೇಕು ಎಂಬುದು ಮೂಲ ನಿಯಮ. ಕೃತ್ಯದ ಒಂದು ಭಾಗ ಒಂದು ಕಡೆ, ಇನ್ನೊಂದು ಭಾಗ ಮತ್ತೊಂದು ಕಡೆ ನಡೆದಿದ್ದರೆ ಎರಡರಲ್ಲಿ ಯಾವ ನ್ಯಾಯಾಲಯವೂ ವಿಚಾರಣೆ ನಡೆಸಬಹುದು. 2016ರ ಜುಲೈನಲ್ಲಿ ಜಿಲ್ಲೆಯನ್ನು ಬೆಚ್ಚಿಬೀಳಿಸಿದ ಉದ್ಯಮಿಯೊಬ್ಬರ ಕೊಲೆ ಪ್ರಕರಣವನ್ನೇ ನೋಡಬಹುದು. ಮೊದಲು ದಾಖಲಾದುದು ಮಣಿಪಾಲ ಪೊಲೀಸ್ ಠಾಣೆಯಲ್ಲಿ ನಾಪತ್ತೆ ದೂರು. ಅಭಿಯೋಜನೆಯ ಪ್ರಕಾರ ಕೊಲೆ ನಡೆದದ್ದು ಉಡುಪಿ ಸಮೀಪದ ಇಂದ್ರಾಳಿಯ ಮನೆಯಲ್ಲಿ; ಶವವನ್ನು ಸುಟ್ಟದ್ದು ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ. ಎರಡು ತಾಲೂಕುಗಳಿಗೆ ಹರಡಿದ್ದರೂ ವಿಚಾರಣೆ ನಡೆದದ್ದು ಉಡುಪಿಯ ಜಿಲ್ಲಾ ಮತ್ತು ಸತ್ರ ನ್ಯಾಯಾಲಯ ಒಂದರಲ್ಲೇ. 2021ರ ಜೂನ್ 8ರಂದು ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. ಇಲ್ಲಿ ವರ್ಗಾವಣೆಯ ಪ್ರಶ್ನೆಯೇ ಇರಲಿಲ್ಲ. ವ್ಯಾಪ್ತಿ ಬೇರೆ, ವರ್ಗಾವಣೆ ಬೇರೆ. ವಿಚಾರಣೆ ನಡೆಸುವ ಅಧಿಕಾರ ಒಂದು ನ್ಯಾಯಾಲಯಕ್ಕೆ ಇದ್ದೂ, ಅಲ್ಲಿ ನಡೆಯುವುದು ನ್ಯಾಯದ ದೃಷ್ಟಿಯಿಂದ ತರವಲ್ಲ ಎಂದು ತೋರಿದಾಗ ಮಾತ್ರ ವರ್ಗಾವಣೆಯ ಮಾತು ಬರುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ನಿವಾರಿಸುವುದು ಒಳ್ಳೆಯದು. ತನಿಖೆಯನ್ನು ಸಿಐಡಿಗೋ ಸಿಬಿಐಗೋ ಒಪ್ಪಿಸುವುದನ್ನು ಜನ 'ಕೇಸ್ ವರ್ಗಾವಣೆ' ಎಂದೇ ಕರೆಯುತ್ತಾರೆ; ಪತ್ರಿಕೆಗಳೂ ಕೆಲವೊಮ್ಮೆ ಹಾಗೆಯೇ ಬರೆಯುತ್ತವೆ. ಅದು ಪೊಲೀಸರ ಕೈಯಿಂದ ಪೊಲೀಸರ ಕೈಗೆ ಕಡತ ಹೋಗುವ ಸಂಗತಿ. ಈ ಲೇಖನದ ವಿಷಯ ಅದಲ್ಲ.

ಮೂರು ಮೆಟ್ಟಿಲು

ಕಾಪುವಿನ ನಿವಾಸಿಯೊಬ್ಬರ ವಿರುದ್ಧ ಕಾರ್ಕಳದ ದಂಡಾಧಿಕಾರಿಯ ನ್ಯಾಯಾಲಯದಲ್ಲಿ ಪ್ರಕರಣವಿದೆ ಎಂದಿಟ್ಟುಕೊಳ್ಳೋಣ. ಅದನ್ನು ಉಡುಪಿಯ ದಂಡಾಧಿಕಾರಿಯ ನ್ಯಾಯಾಲಯಕ್ಕೆ ತರಬೇಕಿದ್ದರೆ ಬೆಂಗಳೂರಿಗೆ ಹೋಗಬೇಕಿಲ್ಲ. ಎರಡೂ ಒಂದೇ ಸತ್ರ ವಿಭಾಗದಲ್ಲಿರುವುದರಿಂದ ಉಡುಪಿಯ ಸತ್ರ ನ್ಯಾಯಾಧೀಶರಿಗೇ 448ನೇ ಕಲಮಿನಡಿ ಅಧಿಕಾರವಿದೆ. ಪಕ್ಷಕಾರರ ಅರ್ಜಿಯ ಮೇಲೆ, ಕೆಳ ನ್ಯಾಯಾಲಯದ ವರದಿಯ ಮೇಲೆ ಅಥವಾ ಸ್ವಪ್ರೇರಣೆಯಿಂದ ಅವರು ಆದೇಶ ನೀಡಬಹುದು. ಮುಖ್ಯ ನ್ಯಾಯಿಕ ದಂಡಾಧಿಕಾರಿಗೂ ತಮ್ಮ ಅಧೀನದ ದಂಡಾಧಿಕಾರಿಗಳಿಂದ ಪ್ರಕರಣವನ್ನು ಹಿಂಪಡೆದು ತಾವೇ ನಡೆಸುವ ಅಥವಾ ಇನ್ನೊಬ್ಬರಿಗೆ ವಹಿಸುವ ಅಧಿಕಾರವಿದೆ. ಕೆಲಸದ ಹಂಚಿಕೆಗಾಗಿ ಇದು ಸದ್ದಿಲ್ಲದೆ ನಡೆಯುತ್ತಿರುತ್ತದೆ.

ಅದೇ ಪ್ರಕರಣ ಮಂಗಳೂರಿಗೋ ಶಿವಮೊಗ್ಗಕ್ಕೋ ಹೋಗಬೇಕಿದ್ದರೆ ಸತ್ರ ನ್ಯಾಯಾಧೀಶರ ಕೈ ಅಲ್ಲಿಗೆ ಮುಟ್ಟದು. 1997ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆ ಬೇರೆಯಾದ ಮೇಲೆ ಮಂಗಳೂರು ಇನ್ನೊಂದು ಸತ್ರ ವಿಭಾಗ. 447ನೇ ಕಲಮಿನಡಿ ಹೈಕೋರ್ಟೇ ಆದೇಶ ನೀಡಬೇಕು. ಉಡುಪಿ ಜಿಲ್ಲೆ ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಗೆ ಸೇರಿದೆ. ನೆರೆಯ ಉತ್ತರ ಕನ್ನಡದವರಿಗೆ ಧಾರವಾಡ ಪೀಠವಿದ್ದರೆ, ನಮ್ಮವರು ಘಟ್ಟ ಹತ್ತಿ ಸುಮಾರು 400 ಕಿ.ಮೀ. ಪ್ರಯಾಣ ಮಾಡಬೇಕು. ಕರಾವಳಿಗೆ ಹೈಕೋರ್ಟು ಪೀಠ ಬೇಕೆಂಬ ಬೇಡಿಕೆಯ ಹಿಂದೆ ಇಂಥ ದೂರದ ಲೆಕ್ಕವೂ ಇದೆ.

ಕಾಸರಗೋಡಿನ ವಿಚಾರ ಇನ್ನೂ ವಿಚಿತ್ರ. ಮಾತು, ನಂಟಸ್ತಿಕೆ, ವ್ಯವಹಾರಗಳಲ್ಲಿ ಮಂಗಳೂರು, ಉಡುಪಿಗಳ ಜತೆ ಬೆರೆತುಕೊಂಡಿರುವ ಊರಾದರೂ ಅದು ಕೇರಳ ಹೈಕೋರ್ಟಿನ ಅಧೀನದಲ್ಲಿದೆ. ಕಾರ್ಕಳದ ಪ್ರಕರಣ ಕಾಸರಗೋಡಿಗೆ ಹೋಗಬೇಕಿದ್ದರೂ ಅಲ್ಲಿಂದ ಇಲ್ಲಿಗೆ ಬರಬೇಕಿದ್ದರೂ ದೆಹಲಿಯೇ ಗತಿ. ಒಂದು ಹೈಕೋರ್ಟಿನ ಅಧೀನ ನ್ಯಾಯಾಲಯದಿಂದ ಇನ್ನೊಂದು ಹೈಕೋರ್ಟಿನ ಅಧೀನ ನ್ಯಾಯಾಲಯಕ್ಕೆ ಪ್ರಕರಣವನ್ನು ಕಳುಹಿಸುವ ಅಧಿಕಾರ 446ನೇ ಕಲಮಿನಡಿ ಸುಪ್ರೀಂ ಕೋರ್ಟಿಗೆ ಮಾತ್ರ ಸೇರಿದ್ದು. ಅಲ್ಲಿ ಅರ್ಜಿ ಹಾಕಬಲ್ಲವರು ಅಟಾರ್ನಿ ಜನರಲ್ ಇಲ್ಲವೇ 'ಹಿತಾಸಕ್ತಿಯುಳ್ಳ ಪಕ್ಷಕಾರ'. ಈ ಪದಕ್ಕೆ ಎಷ್ಟು ಅರ್ಥವ್ಯಾಪ್ತಿ ಇದೆ ಎಂಬುದು ಮುಂದೆ ಬರುವ ಚೆನ್ನೈ ಪ್ರಕರಣದಲ್ಲಿ ಗೊತ್ತಾಗುತ್ತದೆ.

ಮೆಟ್ಟಿಲುಗಳನ್ನು ಹಾರಿ ಹೋಗುವಂತಿಲ್ಲ. ಒಂದೇ ಸತ್ರ ವಿಭಾಗದ ಒಳಗಿನ ವರ್ಗಾವಣೆಗಾಗಿ ನೇರವಾಗಿ ಹೈಕೋರ್ಟಿಗೆ ಅರ್ಜಿ ಸಲ್ಲಿಸಿದರೆ ಅದು ನಿಲ್ಲದು. ಸತ್ರ ನ್ಯಾಯಾಧೀಶರ ಬಳಿ ಮೊದಲು ಕೇಳಿ, ಅವರು ನಿರಾಕರಿಸಿರಬೇಕು.

ಭಯ ಸಾಲದು, ಭಯಕ್ಕೆ ಬುಡ ಬೇಕು

ಕಾನೂನು ಹೇಳುವ ಕಾರಣಗಳು ಕೆಲವೇ. ನ್ಯಾಯಯುತವೂ ನಿಷ್ಪಕ್ಷಪಾತವೂ ಆದ ವಿಚಾರಣೆ ಸಾಧ್ಯವಿಲ್ಲದಿರುವುದು, ಅಸಾಧಾರಣ ಕ್ಲಿಷ್ಟತೆಯ ಕಾನೂನಿನ ಪ್ರಶ್ನೆ ಏಳುವ ಸಂಭವ, ಪಕ್ಷಕಾರರ ಮತ್ತು ಸಾಕ್ಷಿಗಳ ಸಾಮಾನ್ಯ ಅನುಕೂಲ, ಒಟ್ಟಾರೆ ನ್ಯಾಯದ ಹಿತ. ಇವುಗಳಲ್ಲಿ ಅರ್ಜಿದಾರರು ಹೆಚ್ಚಾಗಿ ಹಿಡಿಯುವುದು ಮೊದಲನೆಯದನ್ನು. ಸಾಬೀತುಪಡಿಸಲು ಕಷ್ಟವಾಗುವುದೂ ಅದನ್ನೇ.

'ನನಗೆ ಹೆದರಿಕೆಯಾಗಿದೆ' ಎಂದಷ್ಟೇ ಹೇಳಿದರೆ ಸಾಲದು, ಆ ಹೆದರಿಕೆ ಸಕಾರಣವಾದದ್ದು ಎಂದು ನ್ಯಾಯಾಲಯಕ್ಕೆ ತೋರಬೇಕು ಎಂದು ಗುರುಚರಣ್ ದಾಸ್ ಚಡ್ಢಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಹೇಳಿತ್ತು. ಮೇನಕಾ ಗಾಂಧಿ ಮತ್ತು ರಾಣಿ ಜೇಠ್ಮಲಾನಿ ನಡುವಣ ಮಾನನಷ್ಟ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇನ್ನಷ್ಟು ಖಚಿತವಾಗಿ ಮಾತನಾಡಿದರು. ಮುಂಬಯಿಯಲ್ಲಿದ್ದ ಪ್ರಕರಣವನ್ನು ದೆಹಲಿಗೆ ಕೊಡಿ ಎಂಬುದು ಮೇನಕಾ ಅವರ ಕೋರಿಕೆ. ಪ್ರಯಾಣದ ತೊಂದರೆ, ಮುಂಬಯಿಯಲ್ಲಿ ತಕ್ಕ ವಕೀಲರು ಸಿಗದಿರುವುದು, ನ್ಯಾಯಾಲಯದ ಸುತ್ತ ಪ್ರತಿಕೂಲ ವಾತಾವರಣ ಎಂಬ ಮೂರು ಕಾರಣಗಳನ್ನು ಅವರು ಮುಂದಿಟ್ಟಿದ್ದರು. ಮುಂಬಯಿಯಂಥ ನಗರದಲ್ಲಿ ವಕೀಲರಿಲ್ಲ ಎಂಬ ವಾದವನ್ನು ಯಾರು ತಾನೇ ನಂಬಿಯಾರು! ಅರ್ಜಿ ವಜಾ ಆಯಿತು. ಅನುಕೂಲ, ಅನನುಕೂಲಗಳ ತಕ್ಕಡಿಗಿಂತ ಹೆಚ್ಚಿನ, ನ್ಯಾಯಯುತ ವಿಚಾರಣೆಗೇ ಧಕ್ಕೆ ತರುವ ಕಾರಣ ಬೇಕು ಎಂಬ ತತ್ವ ಅಂದಿನಿಂದ ನೆಲೆಗೊಂಡಿದೆ.

ಈ ಬಿಗಿ ಸರಿಯಾದದ್ದೇ. ಒಬ್ಬ ನ್ಯಾಯಾಧೀಶರು ಜಾಮೀನು ನಿರಾಕರಿಸಿದರು, ಸಾಕ್ಷಿಯ ಪಾಟೀಸವಾಲಿಗೆ ಸಮಯ ಕೊಡಲಿಲ್ಲ ಎಂಬ ಕಾರಣಕ್ಕೆ ಕಡತ ಬೇರೆಡೆಗೆ ಹೋಗುವಂತಿದ್ದರೆ, ಪಕ್ಷಕಾರರೇ ತಮಗೆ ಬೇಕಾದ ನ್ಯಾಯಾಧೀಶರನ್ನು ಆರಿಸಿಕೊಂಡಂತಾಗುತ್ತದೆ. ತಪ್ಪು ಆದೇಶಕ್ಕೆ ಮೇಲ್ಮನವಿ, ಪುನರೀಕ್ಷಣೆಯ ಹಾದಿಗಳಿವೆ. ಆದರೆ ಈ ಬಿಗಿಯ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಬೆದರಿಕೆಗೆ ಒಳಗಾದ ಸಾಕ್ಷಿ ಬೆದರಿಕೆಯ ಪುರಾವೆಯನ್ನು ತರಬೇಕೆಂದರೆ ಎಲ್ಲಿಂದ ತಂದಾನು? 2018ರ ಡಿಸೆಂಬರ್ 5ರಂದು ಮಹೇಂದ್ರ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ಅನುಮೋದಿಸಿದ್ದು ಈ ಕೊರತೆಯನ್ನು ಮನಗಂಡೇ.

ಚೆನ್ನೈಯಿಂದ ಬೆಂಗಳೂರಿಗೆ

ಕರ್ನಾಟಕದ ಮಟ್ಟಿಗೆ ವರ್ಗಾವಣೆ ಎಂದೊಡನೆ ನೆನಪಾಗುವುದು ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ. 1991ರಿಂದ 1996ರವರೆಗಿನ ಅಧಿಕಾರಾವಧಿಯಲ್ಲಿ ಆದಾಯಕ್ಕೆ ಮೀರಿ ಸುಮಾರು 66 ಕೋಟಿ ರೂ. ಆಸ್ತಿ ಗಳಿಸಿದರೆಂಬುದು ಆರೋಪ. ವಿ.ಕೆ. ಶಶಿಕಲಾ, ವಿ.ಎನ್. ಸುಧಾಕರನ್, ಜೆ. ಇಳವರಸಿ ಸಹ ಆರೋಪಿಗಳು. ವಿಚಾರಣೆ ಚೆನ್ನೈಯ ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತಿತ್ತು. 2001ರಲ್ಲಿ ಎಐಎಡಿಎಂಕೆ ಮತ್ತೆ ಅಧಿಕಾರಕ್ಕೆ ಬಂದಿತು. ಆಮೇಲೆ ನಡೆದದ್ದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಕಥೆ. ಈಗಾಗಲೇ ಸಾಕ್ಷ್ಯ ನುಡಿದಿದ್ದ 76 ಮಂದಿಯನ್ನು ಮತ್ತೆ ಪಾಟೀಸವಾಲಿಗೆ ಕರೆಸಲಾಯಿತು. ಅವರಲ್ಲಿ 64 ಮಂದಿ ಹಿಂದಿನ ಹೇಳಿಕೆಯಿಂದ ಹಿಂದೆ ಸರಿದರು. ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಪರಿಗಣಿಸಿ ಪ್ರಶ್ನಿಸಬೇಕಿದ್ದ ಸರಕಾರಿ ಅಭಿಯೋಜಕರು ಸುಮ್ಮನಿದ್ದರು. ಆರೋಪಿಯೇ ಸರಕಾರದ ಮುಖ್ಯಸ್ಥರು, ಅಭಿಯೋಜಕರನ್ನು ನೇಮಿಸುವುದೂ ಅದೇ ಸರಕಾರ!

ಸುಪ್ರೀಂ ಕೋರ್ಟಿಗೆ ಹೋದವರು ಡಿಎಂಕೆ ಪ್ರಧಾನ ಕಾರ್ಯದರ್ಶಿ ಕೆ. ಅನ್ಬಳಗನ್. ಪ್ರಕರಣದಲ್ಲಿ ಅವರು ಫಿರ್ಯಾದುದಾರರೂ ಅಲ್ಲ, ಸಂತ್ರಸ್ತರೂ ಅಲ್ಲ, ರಾಜಕೀಯ ಎದುರಾಳಿ. ಅವರಿಗೆ ಅರ್ಜಿ ಹಾಕುವ ಹಕ್ಕೇ ಇಲ್ಲ ಎಂಬ ಆಕ್ಷೇಪವನ್ನು ನ್ಯಾಯಾಲಯ ಒಪ್ಪಲಿಲ್ಲ. ಪ್ರಜಾಪ್ರಭುತ್ವದಲ್ಲಿ ಸರಕಾರದ ಆಡಳಿತದ ಮೇಲೆ ಕಣ್ಣಿಡುವ ವಿರೋಧ ಪಕ್ಷದವರೂ 'ಹಿತಾಸಕ್ತಿಯುಳ್ಳ ಪಕ್ಷಕಾರ'ರೇ ಎಂದಿತು. 2003ರ ನವೆಂಬರ್ 18ರಂದು ಪ್ರಕರಣ ಬೆಂಗಳೂರಿಗೆ ವರ್ಗವಾಯಿತು. ಕರ್ನಾಟಕ ಸರಕಾರ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ವಿಶೇಷ ನ್ಯಾಯಾಲಯ ಸ್ಥಾಪಿಸಬೇಕು, ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅನುಭವವುಳ್ಳ ಹಿರಿಯ ವಕೀಲರನ್ನು ಅಭಿಯೋಜಕರನ್ನಾಗಿ ನೇಮಿಸಬೇಕು ಎಂಬ ಸೂಚನೆಗಳೂ ಆದೇಶದಲ್ಲಿದ್ದವು. ಕಟ್ಟಡ ಬದಲಾದರೆ ಸಾಲದು, ಅಭಿಯೋಜಕರೂ ಬದಲಾಗಬೇಕು ಎಂಬುದು ಆ ಆದೇಶದ ಒಳತಿರುಳು.

ಹೀಗೆ ನೇಮಕಗೊಂಡವರು ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದ ಬಿ.ವಿ. ಆಚಾರ್ಯ. ಅವರು ಇಂದಿನ ಕಾಪು ತಾಲೂಕಿನ ಬೆಳಪುವಿನವರು. ಶಿಕ್ಷೆ ವಿಧಿಸಿದ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ'ಕುನ್ಹಾ ಕೂಡ ಕರಾವಳಿಯವರೇ. ಎರಡು ಭಾಷೆಗಳ ನಡುವೆ ಸಿಕ್ಕಿಕೊಂಡ ಪ್ರಕರಣದಲ್ಲಿ ತಮಿಳಿನಲ್ಲಿದ್ದ ಅಪಾರ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದಿಸುವುದರಲ್ಲೇ ಬಹಳ ಕಾಲ ಕಳೆಯಿತು. ಜಯಲಲಿತಾ 2011ರ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಬೆಂಗಳೂರಿಗೆ ಬಂದು ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರಿಸಿದರು. ಆಚಾರ್ಯರು 2012ರಲ್ಲಿ ಹುದ್ದೆ ತೊರೆದರು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದ ಕಾರಾಗೃಹದ ಆವರಣದಲ್ಲಿ ತೀರ್ಪು ಹೊರಬಿತ್ತು: ನಾಲ್ವರಿಗೂ 4 ವರ್ಷ ಸಜೆ, ಜಯಲಲಿತಾ ಅವರಿಗೆ 100 ಕೋಟಿ ರೂ. ದಂಡ.

ಅಲ್ಲಿಗೆ ಮುಗಿಯಲಿಲ್ಲ. 2015ರ ಮೇ 11ರಂದು ಕರ್ನಾಟಕ ಹೈಕೋರ್ಟು ಎಲ್ಲರನ್ನೂ ಖುಲಾಸೆಗೊಳಿಸಿತು. ಅದಕ್ಕೆ ಕೆಲವೇ ದಿನಗಳ ಹಿಂದೆ, ಮೇಲ್ಮನವಿಯಲ್ಲಿ ತಮಿಳುನಾಡು ಸರಕಾರ ತಾನಾಗಿ ಅಭಿಯೋಜಕರನ್ನು ನೇಮಿಸಿದ್ದು ಅಸಿಂಧು ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಪ್ರಕರಣ ವರ್ಗವಾದ ಮೇಲೆ ಅದನ್ನು ನಡೆಸುವ ಹೊಣೆ ಬಂದ ರಾಜ್ಯದ್ದು, ಬಿಟ್ಟುಬಂದ ರಾಜ್ಯದ್ದಲ್ಲ ಎಂಬ ಮುಖ್ಯವಾದ ಸಂಗತಿ ಆಗ ಸ್ಪಷ್ಟವಾಯಿತು. ಖುಲಾಸೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದುದೂ ಕರ್ನಾಟಕ ಸರಕಾರವೇ. 2016ರ ಡಿಸೆಂಬರ್ 5ರಂದು ಜಯಲಲಿತಾ ನಿಧನರಾದರು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಉಳಿದ ಮೂವರ ಶಿಕ್ಷೆಯನ್ನು ಎತ್ತಿಹಿಡಿಯಿತು. ಜಪ್ತಿಯಾದ ಆಭರಣ, ಆಸ್ತಿಪತ್ರಗಳು ಬೆಂಗಳೂರಿನ ನ್ಯಾಯಾಲಯದಿಂದ ತಮಿಳುನಾಡು ಸರಕಾರಕ್ಕೆ ಹಸ್ತಾಂತರವಾದದ್ದು 2025ರ ಫೆಬ್ರವರಿಯಲ್ಲಿ. ವರ್ಗಾವಣೆಯ ಆದೇಶದಿಂದ ಲೆಕ್ಕ ಹಾಕಿದರೆ 21 ವರ್ಷ!

ಹೊರರಾಜ್ಯಗಳ ಕೆಲವು ನಿದರ್ಶನಗಳು ಇದಕ್ಕಿಂತ ಕರುಣಾಜನಕ. ವಡೋದರಾದ ಬೆಸ್ಟ್ ಬೇಕರಿ ಪ್ರಕರಣದಲ್ಲಿ ಎಲ್ಲ 21 ಆರೋಪಿಗಳೂ 2003ರಲ್ಲಿ ಖುಲಾಸೆಯಾದ ಬಳಿಕ, 2004ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟು ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. ಮುಂಬಯಿಯ ನ್ಯಾಯಾಲಯ 2006ರಲ್ಲಿ 9 ಮಂದಿಯನ್ನು ದೋಷಿಗಳೆಂದು ತೀರ್ಮಾನಿಸಿತು. 2018ರ ಕಠುವಾ ಬಾಲಕಿಯ ಪ್ರಕರಣದಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಲು ಬಂದ ಪೊಲೀಸರಿಗೆ ವಕೀಲರೇ ಅಡ್ಡಿಯಾದರು. ಮೇ 7ರಂದು ಪ್ರಕರಣ ಪಂಜಾಬಿನ ಪಠಾಣ್‌ಕೋಟಿಗೆ ಹೋಯಿತು. 13 ತಿಂಗಳಲ್ಲಿ ತೀರ್ಪು ಬಂತು. ಆಗ ಜಮ್ಮು ಕಾಶ್ಮೀರಕ್ಕೆ ದಂಡ ಪ್ರಕ್ರಿಯಾ ಸಂಹಿತೆ ಅನ್ವಯವಾಗುತ್ತಿರಲಿಲ್ಲ. ಆದರೂ ಸಂವಿಧಾನವೇ ನೀಡಿದ ಅಧಿಕಾರದಿಂದ ಅಲ್ಲಿನ ಪ್ರಕರಣಗಳನ್ನು ವರ್ಗಾಯಿಸಬಹುದು ಎಂದು 2016ರಲ್ಲೇ ಸಂವಿಧಾನ ಪೀಠ ಹೇಳಿತ್ತು.

ವಕೀಲರ ಅಸಹಕಾರ ನಮ್ಮಲ್ಲೂ ಕಂಡದ್ದೇ. 2020ರ ಫೆಬ್ರವರಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ವಕಾಲತ್ತು ವಹಿಸದಿರಲು ಹುಬ್ಬಳ್ಳಿ ವಕೀಲರ ಸಂಘ ನಿರ್ಣಯಿಸಿತ್ತು. ಹೈಕೋರ್ಟು ಅದನ್ನು ಕಟುವಾಗಿ ಪ್ರಶ್ನಿಸಿ, ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಒದಗಿಸಲು ಸೂಚಿಸಿತು. ಇಂಥ ನಿರ್ಣಯಗಳಿಗೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದ್ದರೂ ಅವು ನಿಂತಿಲ್ಲ.

ಸುಪ್ರೀಂ ಕೋರ್ಟಿಗೂ ಲಗಾಮು

ಈ ಅಧಿಕಾರ ಎಷ್ಟೇ ದೊಡ್ಡದಾದರೂ ಅದಕ್ಕೆ ಕಾನೂನಿನ ಗಡಿಯಿದೆ. ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಎ.ಆರ್. ಅಂತುಲೆ ಅವರ ವಿರುದ್ಧದ ಭ್ರಷ್ಟಾಚಾರ ಪ್ರಕರಣವನ್ನು ಬೇಗ ಮುಗಿಸಬೇಕೆಂದು 1984ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ವಿಶೇಷ ನ್ಯಾಯಾಧೀಶರಿಂದ ಬಾಂಬೆ ಹೈಕೋರ್ಟಿಗೆ ಕಳುಹಿಸಿತ್ತು. ವಿಶೇಷ ನ್ಯಾಯಾಧೀಶರೇ ನಡೆಸಬೇಕೆಂದು ಶಾಸನ ಹೇಳುವ ವಿಚಾರಣೆಯನ್ನು ಹೀಗೆ ಕಳುಹಿಸಲು ಅಧಿಕಾರವಿರಲಿಲ್ಲ ಎಂದು 1988ರ ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಮಾನಿಸಿ, ತನ್ನದೇ ನಿರ್ದೇಶನವನ್ನು ಹಿಂತೆಗೆದುಕೊಂಡಿತು. ಸರ್ವೋಚ್ಚ ನ್ಯಾಯಾಲಯ ತನ್ನ ತಪ್ಪನ್ನು ತಾನೇ ತಿದ್ದಿಕೊಂಡ ವಿರಳ ಸಂದರ್ಭಗಳಲ್ಲಿ ಅದೊಂದು.

ಚೆಕ್ಕು ಮತ್ತು ಸಂಸಾರ

ದೊಡ್ಡವರ ಪ್ರಕರಣಗಳು ಸುದ್ದಿಯಾಗುತ್ತವೆ. ನಮ್ಮ ಜಿಲ್ಲೆಯ ಸಾಮಾನ್ಯ ಓದುಗರಿಗೆ ವರ್ಗಾವಣೆಯ ಪ್ರಶ್ನೆ ಎದುರಾಗುವುದು ಹೆಚ್ಚಾಗಿ ಎರಡು ಕಡೆ: ಚೆಕ್ಕು ಅಮಾನ್ಯ ಪ್ರಕರಣದಲ್ಲಿ ಮತ್ತು ದಾಂಪತ್ಯ ಕಲಹದಲ್ಲಿ.

1906ರಲ್ಲಿ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಊರು ಉಡುಪಿ. ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದರೂ ಬ್ಯಾಂಕು ವ್ಯವಹಾರದ ಒಗ್ಗಿಕೆ ಉಳಿದಿದೆ. ಮುಂಬಯಿಯ ಹೊಟೇಲು ವ್ಯವಹಾರದ ಸಾಲಕ್ಕೆ ಊರಿನಲ್ಲಿ ಚೆಕ್ಕು, ಊರಿನ ಜಾಗದ ಮಾತಿಗೆ ಮುಂಬಯಿಯಲ್ಲಿ ಚೆಕ್ಕು! ಚೆಕ್ಕು ನೀಡಿದವನ ಬ್ಯಾಂಕು ಇರುವಲ್ಲಿಯೇ ಮೊಕದ್ದಮೆ ಹೂಡಬೇಕೆಂದು ಸುಪ್ರೀಂ ಕೋರ್ಟು 2014ರ ಆಗಸ್ಟ್ 1ರಂದು ದಶರಥ ರೂಪಸಿಂಗ್ ರಾಠೋಡ್ ಪ್ರಕರಣದಲ್ಲಿ ಹೇಳಿದಾಗ ದೇಶದುದ್ದಕ್ಕೂ ಕಡತಗಳು ಅತ್ತಿತ್ತ ಚಲಿಸಿದವು. 2015ರ ತಿದ್ದುಪಡಿ ಇದನ್ನು ತಿರುಗಿಸಿತು. ಈಗ ಚೆಕ್ಕನ್ನು ಖಾತೆಯ ಮೂಲಕ ನಗದೀಕರಣಕ್ಕೆ ಹಾಕಿದ್ದರೆ, ಹಣ ಪಡೆಯಬೇಕಾದವನ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯವೇ ವಿಚಾರಣೆ ನಡೆಸಬೇಕು. ಅಂದರೆ ಖಾತೆ ಮಣಿಪಾಲದ ಶಾಖೆಯಲ್ಲಿದ್ದರೆ ಮುಂಬಯಿಯ ಆರೋಪಿ ಇಲ್ಲಿಗೆ ಬರಬೇಕು. ಬರಲಾಗದೆಂದರೆ ಸುಪ್ರೀಂ ಕೋರ್ಟಿಗೇ ಅರ್ಜಿ ಹಾಕಬೇಕು. ಚೆಕ್ಕು ಪ್ರಕರಣಗಳಲ್ಲೂ ವರ್ಗಾವಣೆಯ ಅಧಿಕಾರವಿದೆಯೆಂದು 2023ರ ಫೆಬ್ರವರಿಯಲ್ಲಿ ಆ ನ್ಯಾಯಾಲಯ ಹೇಳಿ, ಒಂದೇ ವ್ಯವಹಾರದ ಮೊಕದ್ದಮೆಗಳು ಒಟ್ಟಿಗೆ ನಡೆಯಲೆಂದು ನಾಗಪುರದ ಪ್ರಕರಣಗಳನ್ನು ದೆಹಲಿಗೆ ಕಳುಹಿಸಿತು. ಆದರೆ 2025ರ ಮಾರ್ಚ್ 6ರ ಇನ್ನೊಂದು ತೀರ್ಪಿನಲ್ಲಿ ಚಂಡೀಗಢದಿಂದ ಕೊಯಮತ್ತೂರಿಗೆ ವರ್ಗಾವಣೆಯನ್ನು ನಿರಾಕರಿಸಿ, ವ್ಯಾಪ್ತಿಯಿಲ್ಲ ಎಂಬ ತಕರಾರಿಗೆ ಇದು ಮಾರ್ಗವಲ್ಲ ಎಂದಿತು.

ಗಂಡನ ಮನೆಯ ಕಿರುಕುಳದ ದೂರುಗಳಲ್ಲಿ ವರ್ಗಾವಣೆಯ ಅಗತ್ಯವೇ ಬಹುಪಾಲು ಕಡಿಮೆಯಾಗಿದೆ. ಮನೆಯಿಂದ ಹೊರಹಾಕಲ್ಪಟ್ಟ ಮಹಿಳೆ ತಾನು ಆಶ್ರಯ ಪಡೆದ ಊರಿನಲ್ಲೂ ದೂರು ನೀಡಬಹುದು ಎಂದು 2019ರ ಏಪ್ರಿಲ್ 9ರಂದು ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಬೆಂಗಳೂರಿನ ಗಂಡನ ಮನೆ ಬಿಟ್ಟು ಕಾರ್ಕಳದ ತವರಿಗೆ ಮರಳಿದ ಮಗಳು ಕಾರ್ಕಳದಲ್ಲೇ ದೂರು ಕೊಡಬಹುದು. ಮೊದಲಾಗಿದ್ದರೆ ಕೈಗೂಸನ್ನು ಎತ್ತಿಕೊಂಡು ತಿಂಗಳಿಗೊಮ್ಮೆ ರಾತ್ರಿ ಬಸ್ಸು ಹಿಡಿಯಬೇಕಿತ್ತು, ಇಲ್ಲವೇ ಮೊಕದ್ದಮೆಯನ್ನೇ ಕೈಬಿಡಬೇಕಿತ್ತು.

ಅರ್ಜಿಯ ದಾರಿ

ಅರ್ಜಿಯ ಜತೆ ಪ್ರಮಾಣಪತ್ರ ಇರಲೇಬೇಕು. ಅಡ್ವೊಕೇಟ್ ಜನರಲ್ ಮತ್ತು ಅಟಾರ್ನಿ ಜನರಲ್ ಅವರಿಗೆ ಮಾತ್ರ ವಿನಾಯಿತಿ. ಹೈಕೋರ್ಟು ಅಥವಾ ಸತ್ರ ನ್ಯಾಯಾಲಯದಲ್ಲಿ ಆರೋಪಿಯೇ ಅರ್ಜಿದಾರನಾದರೆ ಸರಕಾರಿ ಅಭಿಯೋಜಕರಿಗೆ ಕಾರಣಗಳ ಪ್ರತಿಯೊಂದಿಗೆ ಲಿಖಿತ ನೋಟಿಸು ಕೊಡಬೇಕು, ಆ ಬಳಿಕ ಕನಿಷ್ಠ 24 ಗಂಟೆ ಕಳೆದ ಮೇಲೆಯೇ ವಿಚಾರಣೆ. ಅರ್ಜಿ ಹಾಕಿದ ಮಾತ್ರಕ್ಕೆ ಕೆಳಗಿನ ವಿಚಾರಣೆ ನಿಲ್ಲುವುದಿಲ್ಲ. ತಡೆಯಾಜ್ಞೆ ಬೇಕಿದ್ದರೆ ಪ್ರತ್ಯೇಕವಾಗಿ ಕೇಳಬೇಕು. 1898ರ ಹಳೆಯ ಸಂಹಿತೆಯಲ್ಲಿ ವರ್ಗಾವಣೆ ಕೇಳುವ ಉದ್ದೇಶವಿದೆಯೆಂದು ತಿಳಿಸಿ ಮುಚ್ಚಳಿಕೆ ಕೊಟ್ಟರೆ ಸಾಕು, ವಿಚಾರಣೆ ಮುಂದೂಡಲೇಬೇಕಿತ್ತು. ಆ ಅವಕಾಶದ ದುರುಪಯೋಗ ಊಹಿಸಬಹುದಾದದ್ದೇ. 1973ರಲ್ಲಿ ಅದನ್ನು ಕೈಬಿಡಲಾಯಿತು.

ಕ್ಷುಲ್ಲಕ ಅರ್ಜಿ ಹಾಕಿ ಎದುರಾಳಿಯನ್ನು ಸತಾಯಿಸಿದರೆ ಪರಿಹಾರ ತೆರಬೇಕಾಗುತ್ತದೆ. ಹಿಂದಿನ ಸಂಹಿತೆಯಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟುಗಳು ವಿಧಿಸಬಹುದಾಗಿದ್ದ ಗರಿಷ್ಠ ಮೊತ್ತ 1,000 ರೂ.; ಸತ್ರ ನ್ಯಾಯಾಧೀಶರಿಗೆ 250 ರೂ. ಉಡುಪಿಯಿಂದ ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜಿಗೂ ಸಾಲದ ಈ ಮೊತ್ತಕ್ಕೆ ಯಾರೂ ಹೆದರುತ್ತಿರಲಿಲ್ಲ. ಹೊಸ ಸಂಹಿತೆಯಲ್ಲಿ ಮೇಲಿನ ಎರಡು ನ್ಯಾಯಾಲಯಗಳಿಗೆ ಮಿತಿಯನ್ನು ತೆಗೆದು, ಸೂಕ್ತ ಕಂಡ ಮೊತ್ತ ಎಂದು ಬರೆಯಲಾಗಿದೆ. ಸತ್ರ ನ್ಯಾಯಾಧೀಶರ ಮಿತಿ 10,000 ರೂ.ಗೆ ಏರಿದೆ.

ದೂರ ಪ್ರಯಾಣದ ಕಾರಣ ಮುಂದೆ ಇನ್ನಷ್ಟು ಬಲ ಕಳೆದುಕೊಳ್ಳಬಹುದು. ವಿಡಿಯೋ ಮೂಲಕ ಸಾಕ್ಷ್ಯ ದಾಖಲಿಸುವುದನ್ನು ಸುಪ್ರೀಂ ಕೋರ್ಟು 2003ರಲ್ಲೇ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಒಪ್ಪಿತ್ತು. ಹೊಸ ಸಂಹಿತೆ ವಿಚಾರಣೆಯ ಹಲವು ಹಂತಗಳನ್ನು ವಿದ್ಯುನ್ಮಾನ ಮಾಧ್ಯಮದಲ್ಲಿ ನಡೆಸಲು ಅನುವು ಮಾಡಿದೆ. 'ಬರಲು ಕಷ್ಟ' ಎನ್ನುವವರಿಗೆ 'ಪರದೆಯ ಮುಂದೆ ಕುಳಿತುಕೊಳ್ಳಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. 'ಬರಲು ಭಯ' ಎನ್ನುವವರಿಗೆ ಆ ಉತ್ತರ ಅರ್ಧಕ್ಕಷ್ಟೇ ಹೊಂದುತ್ತದೆ.

ಇನ್ನು, ವರ್ಗವಾದ ಪ್ರಕರಣ ಮೊದಲಿನಿಂದ ಶುರುವಾಗುತ್ತದೆಯೇ ಎಂಬ ಪ್ರಶ್ನೆ. ಸಾಮಾನ್ಯವಾಗಿ ಇಲ್ಲ. ಹಿಂದಿನ ನ್ಯಾಯಾಧೀಶರು ದಾಖಲಿಸಿದ ಸಾಕ್ಷ್ಯವನ್ನೇ ಆಧರಿಸಿ ಹೊಸಬರು ಮುಂದುವರಿಯಬಹುದು. ಅಗತ್ಯ ಕಂಡರೆ ಸಾಕ್ಷಿಯನ್ನು ಮರಳಿ ಕರೆಸಬಹುದು. ಸತ್ರ ನ್ಯಾಯಾಧೀಶರಾಗಲಿ ದಂಡಾಧಿಕಾರಿಗಳಾಗಲಿ ತಮ್ಮ ಅಧೀನದ ನ್ಯಾಯಾಲಯದಿಂದ ಪ್ರಕರಣವನ್ನು ವರ್ಗಾಯಿಸುವಾಗ ಅಥವಾ ಹಿಂಪಡೆಯುವಾಗ ಕಾರಣಗಳನ್ನು ಬರೆದಿಡಬೇಕೆಂದು 452ನೇ ಕಲಮು ಕಡ್ಡಾಯ ಮಾಡಿದೆ. ಆದೇಶದ ದೃಢೀಕೃತ ಪ್ರತಿ ಕೇಳಿ ಪಡೆಯುವ ಹಕ್ಕು ಪಕ್ಷಕಾರರಿಗಿದೆ.